ತಿರುಗುವ ಗಂಟೆಯ ಪಾಠ ಲ್ಯಾಬಿಗೂ ಬರಲಿ

ಮಾನ್ಯ ಸಂಪಾದಕರೇ,

ಪಿಯು ಕಾಲೇಜೊಂದರ ಭೌತಶಾಸ್ತ್ರ ಲ್ಯಾಬಿನಲ್ಲಿ 31 ವರ್ಷ ಸಹಾಯಕಿಯಾಗಿದ್ದೆ. ಮೊನ್ನೆ ಮೊಮ್ಮಗಳು ಫೋನಿನಲ್ಲಿ ಪನೋರಮಾ ಫೋಟೊ ತೆಗೆಯುತ್ತಾ, "ಅಜ್ಜಿ, ನಾನು ಎಷ್ಟು ತಿರುಗಿದೆ ಅಂತ ಇದಕ್ಕೆ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದಳು. ದೇವರ ಮನೆಯಿಂದ ಕಂಚಿನ ಗಂಟೆ ತಂದೆ. ನಾಲಿಗೆ ಬಿಚ್ಚಿಟ್ಟು, ದಾರ ಕಟ್ಟಿ, ಚೆನ್ನಾಗಿ ಹುರಿ ಏರಿಸಿ, ಪೆನ್ಸಿಲಿನಿಂದ ಅಂಚಿಗೆ ಬಡಿದು ಬಿಟ್ಟೆ. ಗಂಟೆ ತಿರುಗುತ್ತಿದ್ದಂತೆ ನಾದ ವೊಂ... ವೊಂ... ಎಂದು ಏರಿಳಿಯತೊಡಗಿತು. ತಿರುಗುವುದು ನಿಧಾನವಾದಂತೆ ಆ ಏರಿಳಿತವೂ ನಿಧಾನವಾಯಿತು. ಅವಳು ಕಿವಿಯನ್ನು ಗಂಟೆಯ ಹತ್ತಿರವೇ ಇಟ್ಟುಕೊಂಡು ಕೂತಳು.

ಬಡಿದಾಗ ಅಂಚಿನ ಸುತ್ತ ಅಲೆಗಳು ಎರಡು ದಿಕ್ಕಿಗೂ ಓಡುತ್ತವೆ. ಎರಡೂ ಸೇರಿ ನಾಲ್ಕು ಕಡೆ ಜಾಸ್ತಿ ನಡುಗುವ, ನಡುವೆ ಸುಮ್ಮನಿರುವ ಒಂದು ವಿನ್ಯಾಸ ಮೂಡುತ್ತದೆ. ಗಂಟೆ ತಿರುಗಿದರೆ ಎರಡು ಅಲೆಗಳ ವೇಗ ಒಂದೇ ಸಮ ಉಳಿಯುವುದಿಲ್ಲ. ಹಾಗಾಗಿ ಆ ವಿನ್ಯಾಸ ಗಂಟೆಯ ಜೊತೆ ಪೂರ್ತಿ ತಿರುಗುವುದಿಲ್ಲ, ಸ್ವಲ್ಪ ಹಿಂದೆ ಬೀಳುತ್ತದೆ. ಇದನ್ನು 1890ರಲ್ಲೇ ಬ್ರಿಟಿಷ್ ಗಣಿತಜ್ಞ ಜಿ. ಎಚ್. ಬ್ರಯನ್ ಲೆಕ್ಕ ಹಾಕಿ ತೋರಿಸಿದ್ದರು. ಜಾಸ್ತಿ ನಡುಗುವ ಕಡೆ ಕಿವಿಯ ಎದುರು ಬಂದಾಗಲೆಲ್ಲ ನಾದ ಏರುತ್ತದೆ. ವಿನ್ಯಾಸ ಗಂಟೆಗೆ ಅಂಟಿಕೊಂಡೇ ತಿರುಗಿದ್ದರೆ ಒಂದು ಸುತ್ತಿಗೆ 4 ಏರಿಳಿತ ಕೇಳಬೇಕಿತ್ತು. ತೆಳು ಬಳೆಯಂಥ ವಸ್ತುವಿನಲ್ಲಿ ಬರುವುದು 2.4 ಮಾತ್ರ!

ನಮ್ಮ ಮನೆ ಗಂಟೆಯಲ್ಲಿ ಆ 2.4 ಸಿಗುವುದಿಲ್ಲ. ಎರಕದಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ತೆಳು ಇದ್ದರೆ ವಿನ್ಯಾಸ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಬಾಹ್ಯಾಕಾಶ ನೌಕೆಗಳಿಗೆ ಕ್ವಾರ್ಟ್ಜ್‌ನಿಂದ ಅರ್ಧಗೋಳದ ಪುಟ್ಟ ಬಟ್ಟಲನ್ನು ಅಷ್ಟು ನಾಜೂಕಾಗಿ ಕಡೆಯುತ್ತಾರೆ. ನೌಕೆ 90 ಡಿಗ್ರಿ ತಿರುಗಿದರೆ ಬಟ್ಟಲಿನ ನಡುಕ ಸುಮಾರು 27 ಡಿಗ್ರಿ ಹಿಂದುಳಿಯುತ್ತದೆ. ಅದನ್ನು ಅಳೆದರೆ ಎಷ್ಟು ತಿರುಗಿತು ಎಂದು ಗೊತ್ತಾಯಿತು, ಅಲ್ವಾ? ಶನಿಗ್ರಹಕ್ಕೆ ಹೋದ ಕ್ಯಾಸಿನಿಯಲ್ಲಿ ಇಂಥವೇ ಇದ್ದವು. ಜೇಮ್ಸ್ ವೆಬ್ ದೂರದರ್ಶಕದಲ್ಲೂ ಇವೆ. ಫೋನಿನೊಳಗೆ ಗಂಟೆ ಇಲ್ಲ, ನಡುಗುವ ಸಣ್ಣ ಸಿಲಿಕಾನ್ ತುಣುಕು ಇದೆ. ತಿರುಗಿದಾಗ ಅದರ ನಡುಕವೂ ಪಕ್ಕಕ್ಕೆ ವಾಲುತ್ತದೆ.

ಇಷ್ಟು ವರ್ಷ ನಾನು ಸೊನೊಮೀಟರ್ ತಂತಿ ಬಿಗಿದುಕೊಟ್ಟೆ, ಟ್ಯೂನಿಂಗ್ ಫೋರ್ಕ್ ಒರೆಸಿಟ್ಟೆ. ತಿರುಗುವ ವಸ್ತುವಿನ ನಾದವನ್ನು ಒಂದು ಸಾರಿಯೂ ಮಕ್ಕಳಿಗೆ ಕೇಳಿಸಲಿಲ್ಲ. ಆ ಕೊರಗು ಈಗ ಕಾಡುತ್ತಿದೆ. ಪ್ರಯೋಗಗಳ ಪಟ್ಟಿ ಮಾಡುವವರು ಇದಕ್ಕೂ ಜಾಗ ಕೊಡಲಿ. ನಿಮ್ಮ ಮಕ್ಕಳ ಪುಟದಲ್ಲಿ ಒಮ್ಮೆ ಚಿತ್ರ ಸಮೇತ ಹಾಕಿ. ಗಂಟೆಯ ನಾಲಿಗೆ ಬಿಚ್ಚಿಡಬೇಕು ಅನ್ನುವುದನ್ನು ಮಾತ್ರ ಬಿಡಬೇಡಿ, ಇಲ್ಲದಿದ್ದರೆ ಕಿಣಿಕಿಣಿ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ.

– ನಿವೃತ್ತ ಲ್ಯಾಬ್ ಸಹಾಯಕಿ, ಅರಸೀಕೆರೆ