ಪತ್ರ ಉಳಿಯುವುದು ಬರೆದವರ ಮನೆಯಲ್ಲಲ್ಲ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳ ಕುರಿತು ಬಂದ ಲೇಖನವನ್ನು ಓದಿ ಸಂತೋಷಪಟ್ಟೆ. ಆದರೆ ಗ್ರೆಗರ್ ಮೆಂಡೆಲ್ ಯಾರ ಸಂಪರ್ಕವೂ ಇಲ್ಲದೆ ಮಠದ ತೋಟದಲ್ಲಿ ಬಟಾಣಿ ಬೆಳೆಸುತ್ತಿದ್ದ ಒಂಟಿ ಸನ್ಯಾಸಿಯಾಗಿದ್ದರು ಎಂದು ಅದರಲ್ಲಿ ಹೇಳಿರುವುದು ಸರಿಯಲ್ಲ. ಅದನ್ನು ತಿದ್ದುವ ನೆಪದಲ್ಲಿ, ಬಹಳ ದಿನಗಳಿಂದ ಮನಸ್ಸಿನಲ್ಲಿದ್ದ ಇನ್ನೊಂದು ವಿಷಯವನ್ನೂ ತಮ್ಮ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಬಟಾಣಿ ಗಿಡಗಳ ಲಕ್ಷಣಗಳು ಪೀಳಿಗೆಯಿಂದ ಪೀಳಿಗೆಗೆ ಹೇಗೆ ಸಾಗುತ್ತವೆ ಎಂಬ ಕುರಿತ ಮೆಂಡೆಲ್ ಅವರ ಪ್ರಬಂಧ ಅಚ್ಚಾದದ್ದು 1866ರಲ್ಲಿ. ಅದೇ ವರ್ಷದ ಡಿಸೆಂಬರ್ 31ರಂದು ಅವರು ಮ್ಯೂನಿಕ್‌ನ ಹೆಸರಾಂತ ಸಸ್ಯವಿಜ್ಞಾನಿ ಕಾರ್ಲ್ ನೇಗೆಲಿಯವರಿಗೆ ಅದರ ಪ್ರತಿಯೊಡನೆ ಪತ್ರ ಬರೆದರು. ಅಲ್ಲಿಂದ 1873ರ ತನಕ ಬರೆದ ಹತ್ತು ಪತ್ರಗಳು ಇಂದು ಲಭ್ಯವಿವೆ. ಕುಶಲ ವಿಚಾರಿಸುವ ಕಾಗದಗಳು ಅವಲ್ಲ. ಯಾವ ಗಿಡದ ಪರಾಗವನ್ನು ಯಾವುದಕ್ಕೆ ಸೋಕಿಸಿದೆ, ಎಷ್ಟು ಸಸಿ ಎದ್ದವು, ಎಲ್ಲಿ ಲೆಕ್ಕ ಹೊಂದಲಿಲ್ಲ ಎಂಬುದನ್ನು ಒಬ್ಬ ಪ್ರಯೋಗಕಾರ ಇನ್ನೊಬ್ಬನಿಗೆ ಒಪ್ಪಿಸಿದ ವರದಿಗಳು. ತಾವೇ ಬಿತ್ತಿ ಪರೀಕ್ಷಿಸಿಕೊಳ್ಳಲಿ ಎಂದು 1867ರ ಏಪ್ರಿಲ್‌ನಲ್ಲಿ ಮೆಂಡೆಲ್ ನೇಗೆಲಿಯವರಿಗೆ ಬೀಜದ 140 ಪೊಟ್ಟಣಗಳನ್ನೂ ಕಳುಹಿಸಿಕೊಟ್ಟಿದ್ದರು. ಸೇವಂತಿಗೆಯ ಕುಟುಂಬಕ್ಕೆ ಸೇರಿದ ಹೈರೇಸಿಯಂ ಎಂಬ ಗಿಡದ ಹುಚ್ಚು ಹಿಡಿಸಿ ನೇಗೆಲಿಯವರು ಮೆಂಡೆಲ್ ಅವರ ದಾರಿ ತಪ್ಪಿಸಿದರು ಎಂದು ತರಗತಿಯಲ್ಲಿ ನಾನೇ ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಪತ್ರಗಳನ್ನು ಓದಿದ ಮೇಲೆ ನಾಚಿಕೆಯಾಯಿತು. ಏಕೆಂದರೆ ಮುಂದಿನ ಪ್ರಯೋಗಗಳಿಗೆ ತಾನು ಆರಿಸಿಕೊಂಡಿರುವ ಗಿಡಗಳಲ್ಲಿ ಹೈರೇಸಿಯಂ ಒಂದು ಎಂದು ಮೆಂಡೆಲ್ ಅವರೇ ಮೊದಲ ಪತ್ರದಲ್ಲಿ ತಿಳಿಸಿದ್ದಾರೆ. ಆ ಗಿಡ ಬಹುಮಟ್ಟಿಗೆ ಗರ್ಭಧಾರಣೆಯಿಲ್ಲದೆಯೇ ಬೀಜ ಕಟ್ಟುತ್ತದೆಂಬುದು ಆಗ ಇಬ್ಬರಿಗೂ ತಿಳಿದಿರಲಿಲ್ಲವಾದ್ದರಿಂದ ಬಟಾಣಿಯ ಲೆಕ್ಕ ಅಲ್ಲಿ ಕೈಕೊಟ್ಟಿತು, ಅಷ್ಟೇ.

ನೇಗೆಲಿಯವರು ಬರೆದ ಉತ್ತರಗಳು ಬಹುಪಾಲು ಸಿಗುವುದಿಲ್ಲ. 1884ರಲ್ಲಿ ಮೆಂಡೆಲ್ ತೀರಿಕೊಂಡ ಮೇಲೆ ಅವರ ಕಾಗದಪತ್ರಗಳನ್ನು ಮಠದಲ್ಲಿ ಸುಟ್ಟುಬಿಟ್ಟರು. ಮೆಂಡೆಲ್ ಅವರ ಪತ್ರಗಳು ಉಳಿದದ್ದು ನೇಗೆಲಿಯವರ ಬಳಿಯಿದ್ದ ಕಾಗದಗಳ ನಡುವೆ. ನೇಗೆಲಿಯವರ ಶಿಷ್ಯ ಕಾರ್ಲ್ ಕೊರೆನ್ಸ್ ಅವನ್ನು 1905ರಲ್ಲಿ ಪ್ರಕಟಿಸಿದರು. ನಾನು ಹೇಳಹೊರಟ ವಿಷಯ ಇರುವುದು ಇಲ್ಲಿಯೇ. ಒಬ್ಬರ ಪತ್ರ ಉಳಿಯುವುದು ಬರೆದವರ ಮನೆಯಲ್ಲಲ್ಲ, ಅದನ್ನು ಪಡೆದವರ ಮನೆಯಲ್ಲಿ. ಹಾಗಾಗಿ ಅದನ್ನು ಕಾಯುವ ಹೊಣೆಯೂ ಪಡೆದವರದೇ.

ಚಾರ್ಲ್ಸ್ ಡಾರ್ವಿನ್ ಅವರ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಅವರು ಬರೆದ ಮತ್ತು ಅವರಿಗೆ ಬಂದ ಸುಮಾರು 15,000 ಪತ್ರಗಳು ಈಗ ಗೊತ್ತಿವೆ. ಕೇಂಬ್ರಿಜ್‌ನಲ್ಲಿ 1974ರಲ್ಲಿ ಆರಂಭವಾದ ಸಂಪಾದನಾ ಕಾರ್ಯ 30 ಸಂಪುಟಗಳಲ್ಲಿ ಮುಗಿದಿದೆ. ಇಷ್ಟೆಲ್ಲ ಉಳಿದದ್ದು ಡಾರ್ವಿನ್ ಜೋಪಾನದ ಮನುಷ್ಯರಾಗಿದ್ದರಿಂದ ಎಂದು ಯಾರಾದರೂ ತಿಳಿದರೆ ಅದು ತಪ್ಪು. ನಮ್ಮೂರಿನ ಹಳೆಯ ದಿನಸಿ ಅಂಗಡಿಗಳಲ್ಲಿ ಚೀಟಿ ಚುಚ್ಚಿಡುತ್ತಿದ್ದಂಥ ಕಂಬಿಗಳಿಗೆ ಅವರು ಬಂದ ಪತ್ರಗಳನ್ನು ಚುಚ್ಚಿಡುತ್ತಿದ್ದರಂತೆ. ಕಂಬಿಗಳೆಲ್ಲ ತುಂಬಿದಾಗ, ಅವು ಖಾಲಿಯಾಗಲೆಂದು ಹಲವು ವರ್ಷಗಳ ಪತ್ರಗಳನ್ನು ಒಟ್ಟಿಗೆ ಸುಡುತ್ತಿದ್ದರಂತೆ. 1862ಕ್ಕಿಂತ ಹಿಂದೆ ಬಂದ ಪತ್ರಗಳು ಹೆಚ್ಚುಕಡಿಮೆ ಎಲ್ಲವೂ ಹೀಗೆ ಹೋದವೆಂದು ಅವರ ಮಗ ಫ್ರಾನ್ಸಿಸ್ ಬರೆದಿದ್ದಾರೆ. ಜೀವಿಗಳ ಪ್ರಭೇದಗಳು ಬದಲಾಗದೆ ಇರುವಂಥವಲ್ಲ ಎನ್ನುವುದು ಕೊಲೆಯನ್ನು ಒಪ್ಪಿಕೊಂಡಂತೆ ಅನಿಸುತ್ತದೆ ಎಂದು 1844ರ ಜನವರಿ 11ರಂದು, ಅಂದರೆ ಪ್ರಭೇದಗಳ ಉಗಮದ ಕುರಿತ ತಮ್ಮ ಗ್ರಂಥ ಹೊರಬರುವುದಕ್ಕೆ ಹದಿನೈದು ವರ್ಷ ಮೊದಲೇ, ಡಾರ್ವಿನ್ ತಮ್ಮ ಸ್ನೇಹಿತ ಜೋಸೆಫ್ ಹುಕರ್ ಅವರಿಗೆ ಬರೆದದ್ದು ನಮಗೆ ತಿಳಿದಿರುವುದು ಹುಕರ್ ಆ ಕಾಗದವನ್ನು ಎಸೆಯದೆ ಇದ್ದುದರಿಂದ. ಇದಕ್ಕೆ ಪ್ರತಿಯಾಗಿ, ಡಾರ್ವಿನ್ ಅವರ ವಿಚಾರವನ್ನೇ ತಾವಾಗಿ ಕಂಡುಕೊಂಡಿದ್ದ ನಿಸರ್ಗಶಾಸ್ತ್ರಜ್ಞ ಆಲ್ಫ್ರೆಡ್ ವಾಲೇಸ್ 1858ರಲ್ಲಿ ಈಗಿನ ಇಂಡೊನೇಷ್ಯದ ಟರ್ನಾಟೆ ದ್ವೀಪದಿಂದ ತಮ್ಮ ಪ್ರಬಂಧದೊಡನೆ ಡಾರ್ವಿನ್‌ಗೆ ಕಳುಹಿಸಿದ ಪತ್ರ, ಆ ಶತಮಾನದ ಅತಿ ಮುಖ್ಯ ಪತ್ರಗಳಲ್ಲಿ ಒಂದು, ಈಗ ಇಲ್ಲ. ಅದು ಯಾವ ದಿನ ಡಾರ್ವಿನ್ ಕೈ ಸೇರಿತು ಎಂದು ವಿದ್ವಾಂಸರು ಟಪಾಲು ಹಡಗುಗಳ ವೇಳಾಪಟ್ಟಿ ಹಿಡಿದುಕೊಂಡು ಇಂದಿಗೂ ಜಗಳವಾಡುತ್ತಾರೆ.

ಈ ಪತ್ರಜಾಲದಲ್ಲಿ ನಮ್ಮ ದೇಶವೂ ಇತ್ತು. ಕಲ್ಕತ್ತದ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ಇಲ್ಲಿಯ ದನ, ಕೋಳಿ, ಪಾರಿವಾಳಗಳ ತಳಿಗಳ ಬಗ್ಗೆ ಡಾರ್ವಿನ್‌ಗೆ ಉದ್ದುದ್ದ ಪತ್ರಗಳನ್ನು ಬರೆದರು. ವಾಲೇಸ್ ಅವರ ಹಿಂದಿನದೊಂದು ಪ್ರಬಂಧವನ್ನು ಗಮನಿಸುವಂತೆ 1855ರ ಡಿಸೆಂಬರ್‌ನಲ್ಲಿಯೇ ಡಾರ್ವಿನ್‌ಗೆ ಸೂಚಿಸಿದವರೂ ಅವರೇ.

ಗಣಿತದಿಂದಲೂ ಒಂದು ಉದಾಹರಣೆ ಕೊಡಬಹುದು. ಸುರತ್ಕಲ್, ಮಣಿಪಾಲ, ನಿಟ್ಟೆಗಳಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳು ಸ್ಟೋಕ್ಸ್ ಪ್ರಮೇಯವನ್ನು ಬಾಯಿಪಾಠ ಮಾಡುತ್ತಾರೆ. ಅದು ಮೊದಲು ಕಾಣಿಸಿಕೊಂಡದ್ದು, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ 1850ರ ಜುಲೈ 2ರಂದು ಸ್ಟೋಕ್ಸ್‌ಗೆ ಬರೆದ ಪತ್ರದಲ್ಲಿ. ಸ್ಟೋಕ್ಸ್ ಅದನ್ನು 1854ರಲ್ಲಿ ಕೇಂಬ್ರಿಜ್‌ನ ಪರೀಕ್ಷೆಯೊಂದಕ್ಕೆ ಪ್ರಶ್ನೆಯಾಗಿ ಹಾಕಿದ್ದರಿಂದ ಹೆಸರು ಅವರದಾಯಿತು. ಥಾಮ್ಸನ್ ಅವರ ಪಾಲು ನಮಗೆ ತಿಳಿದಿರುವುದು ಕಾಗದ ಉಳಿದಿದ್ದರಿಂದ ಮಾತ್ರ.

ಇನ್ನು ನಮ್ಮ ಕರಾವಳಿಗೆ ಬರುತ್ತೇನೆ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರಲ್ಲಿ ಮೆಟ್ಸ್ ಎಂಬ ಪಾದ್ರಿಗಳು ಕೆನರಾ ಮತ್ತು ನೀಲಗಿರಿಯ ಗಿಡಗಳನ್ನು ಒಣಗಿಸಿ ಜರ್ಮನಿಗೆ ಕಳುಹಿಸುತ್ತಿದ್ದರು. ಅಲ್ಲಿ ಹೋಹನಾಕರ್ ಎಂಬ ಸಸ್ಯವಿಜ್ಞಾನಿ ಅವಕ್ಕೆ ಅಚ್ಚಿನ ಚೀಟಿ ಅಂಟಿಸಿ ಯುರೋಪಿನ ಸಸ್ಯಸಂಗ್ರಹಾಲಯಗಳಿಗೆ ಹಂಚಿದರು. ಆ ಕಾಲದಲ್ಲಿ ಮಂಗಳೂರಿನಲ್ಲಿ ಕುಳಿತು ಬರೆದ ಮಿಶನ್ ಪತ್ರಗಳನ್ನು ಇಂದು ಓದಬೇಕಾದವರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ಹೋಗುತ್ತಾರೆ, ಏಕೆಂದರೆ ಪತ್ರಗಳು ತಲುಪಿದ್ದು ಅಲ್ಲಿಗೆ.

ನನ್ನದೂ ಒಂದು ತಪ್ಪಿದೆ. ನನಗೆ ಸಸ್ಯಶಾಸ್ತ್ರ ಕಲಿಸಿದ ಗುರುಗಳೊಬ್ಬರು ನಿವೃತ್ತರಾದ ಮೇಲೆ ಸುಮಾರು ಇಪ್ಪತ್ತು ವರ್ಷ ನನಗೆ ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದರು. ಮಳೆಗಾಲದಲ್ಲಿ ಮಣಿಪಾಲದ ಮುರಕಲ್ಲಿನ ಪದವಿನಲ್ಲಿ, ಅಂದರೆ ಎತ್ತರದ ಬಯಲಿನಲ್ಲಿ, ಯುಟ್ರಿಕ್ಯುಲೇರಿಯ ಎಂಬ ಪುಟ್ಟ ಕೀಟಾಹಾರಿ ಗಿಡದ ನೀಲಿ ಹೂವು ಮೊದಲು ಕಂಡದ್ದು ಯಾವ ವಾರ, ಯಾವ ವರ್ಷ ಅದು ತಡವಾಯಿತು, ಯಾವ ಹೊಂಡದ ಬದಿಯಲ್ಲಿ ಕಾಣಿಸದೆ ಹೋಯಿತು ಎಂಬುದನ್ನು ಪ್ರತಿವರ್ಷ ತಪ್ಪದೆ ತಿಳಿಸುತ್ತಿದ್ದರು. ಕುಂಜಿಬೆಟ್ಟಿನ ಹಳೆಯ ಮನೆಯನ್ನು ಬಿಡುವಾಗ, ಅಟ್ಟದಲ್ಲಿ ಅರ್ಧ ಗೆದ್ದಲು ಹಿಡಿದು ಬಿದ್ದಿದ್ದ ಆ ಕಟ್ಟನ್ನು ಹಳೆಯ ಪೇಪರಿನ ಜೊತೆಗೆ ಗುಜರಿಯವನಿಗೆ ಹಾಕಿದೆ. ಅದರಿಂದ ಎಷ್ಟು ರೂಪಾಯಿ ಬಂತೆಂದು ಹೇಳಲು ಬಾಯಿ ಬರುವುದಿಲ್ಲ. ಎರಡು ವರ್ಷದ ನಂತರ ಗುರುಗಳು ತೀರಿಕೊಂಡಾಗ ಅವರ ಮಗಳು ದೂರವಾಣಿಯಲ್ಲಿ, "ಅಪ್ಪ ತಮಗಾಗಿ ಏನೂ ಬರೆದಿಟ್ಟುಕೊಂಡಿಲ್ಲ ಸರ್, ಎಲ್ಲವನ್ನೂ ನಿಮಗೇ ಬರೆದಿದ್ದರಂತೆ, ಕಾಗದ ಇವೆಯಾ?" ಎಂದು ಕೇಳಿದರು. ಗುರುಗಳು ಹೇಳುತ್ತಿದ್ದ ಪದವಿನ ಬಹುಭಾಗದಲ್ಲಿ ಈಗ ಕಟ್ಟಡಗಳೆದ್ದಿವೆ. ಅಲ್ಲಿ ಹೋಗಿ ಪುನಃ ನೋಡಿ ಬರೆದುಕೊಳ್ಳುವಂತೆಯೂ ಇಲ್ಲ.

ಉಡುಪಿಯಲ್ಲಿ ಗೋವಿಂದ ಪೈಗಳ ಹೆಸರಿನ ಸಂಶೋಧನ ಕೇಂದ್ರವಿದೆ, ಮಂಗಳೂರಿನ ಬಲ್ಮಠದಲ್ಲಿ ಮಿಶನ್ ಕಾಲದ ಕಾಗದಪತ್ರಗಳ ಭಂಡಾರವಿದೆ. ಸಾಹಿತ್ಯ, ಇತಿಹಾಸ, ಧರ್ಮಗಳಿಗೆ ಸಂಬಂಧಿಸಿದ ಬರಹಗಳಿಗೆ ಹೀಗೆ ಒಂದು ನೆಲೆ ಸಿಕ್ಕಿರುವಾಗ, ಊರಿನ ವಿಜ್ಞಾನದ ಮಾಸ್ಟ್ರುಗಳು, ವೈದ್ಯರು, ಕೃಷಿಯಲ್ಲಿ ಪ್ರಯೋಗ ಮಾಡಿದ ಹಿರಿಯರು ಬರೆದ ಪತ್ರಗಳಿಗೂ ನಮ್ಮ ಹಳೆಯ ಕಾಲೇಜುಗಳ ಗ್ರಂಥಾಲಯಗಳು ಒಂದು ಕಪಾಟನ್ನು ತೆಗೆದಿಡಬಹುದು. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಗೆದ್ದಲು ಹತ್ತದ ಕಬ್ಬಿಣದ ಕಪಾಟು, ಮಳೆಗಾಲದಲ್ಲಿ ಬೂಷ್ಟು ಬರದಂತೆ ನೋಡಿಕೊಳ್ಳುವ ಒಬ್ಬ ಸಹಾಯಕ, ಯಾರ ಪತ್ರ ಯಾರ ಮನೆಯಿಂದ ಬಂತೆಂದು ಬರೆದಿಡುವ ಒಂದು ಪುಸ್ತಕ ಇದ್ದರೆ ಆರಂಭಕ್ಕೆ ಸಾಕು. ಮೂಲಪತ್ರ ಕೊಡಲು ಮನಸ್ಸಿಲ್ಲದವರಿಂದ ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನಾದರೂ ಪಡೆಯಬಹುದು.

ಮೇಲೆ ಹೇಳಿದ ಗುರುಗಳು ನನ್ನೊಬ್ಬನಿಗೇ ಪತ್ರ ಬರೆದಿರಲಿಕ್ಕಿಲ್ಲ. ಪದವಿನ ಹೂಗಳ ಬಗ್ಗೆ, ಹಸಿರು ಶಾಯಿಯಲ್ಲಿ, ಸಣ್ಣ ಅಕ್ಷರದಲ್ಲಿ, ಅಂಚನ್ನೂ ಬಿಡದೆ ಬರೆದ ಇನ್‌ಲ್ಯಾಂಡ್ ಪತ್ರ ಯಾವ ಹಳೆಯ ವಿದ್ಯಾರ್ಥಿಯ ಮನೆಯಲ್ಲಾದರೂ ಇದ್ದರೆ ದಯವಿಟ್ಟು ತಮ್ಮ ಪತ್ರಿಕೆಯ ಕಚೇರಿಗೆ ತಿಳಿಸಬೇಕಾಗಿ ವಿನಂತಿ. ಅವರ ಮಗಳಿಗೆ ಅದನ್ನು ತಲುಪಿಸುವ ಜವಾಬ್ದಾರಿ ನನ್ನದು.

ಇಂತು ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕ,
ಉಡುಪಿ