ಬಳ್ಳಾರಿಯಲ್ಲಿ ಬೆಳೆದವರ ಮಾತು ಉಳಿಸೋಣ: ದೇಣಿಗೆಗಾಗಿ ಮನವಿ

ಬಳ್ಳಾರಿಯ ಬಂಧುಗಳೇ, ಊರು ಬಿಟ್ಟು ದೂರ ನೆಲೆಸಿದವರೇ, ನಮಸ್ಕಾರ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಆದೋನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ಬಳ್ಳಾರಿ ಕನ್ನಡ ನಾಡಿಗೇ ಸೇರಬೇಕೆಂದು ಹೋರಾಡಿದ ರಂಜಾನ್ ಸಾಬ್ ಅವರು ಪ್ರಾಣ ಕೊಟ್ಟದ್ದೂ ಆ ದಿನಗಳಲ್ಲೇ. ಇದಿಷ್ಟು ಪುಸ್ತಕದಲ್ಲಿ ಸಿಗುತ್ತದೆ. ಆದರೆ ಆದೋನಿಯ ಅತ್ತೆಮನೆ ಬೇರೆ ರಾಜ್ಯಕ್ಕೆ ಹೋದಾಗ ಮನೆಯಲ್ಲಿ ಏನು ಮಾತಾಡಿಕೊಂಡರು? ತೆಲುಗಿನಲ್ಲಿ ಓದುತ್ತಿದ್ದ ಹುಡುಗ ಮುಂದೆ ಯಾವ ಶಾಲೆಗೆ ಹೋದ? ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ಕೇಳುವುದಿದ್ದರೆ ಈಗಲೇ ಕೇಳಬೇಕು.

ಅದಕ್ಕೇ ನಮ್ಮ ಟ್ರಸ್ಟ್ ಕೌಲ್ ಬಜಾರ್, ಬ್ರೂಸ್‌ಪೇಟೆ, ಕೋಟೆ ಪ್ರದೇಶದ ಮನೆಗಳಿಗೆ ಹೋಗಿ, ಅಲ್ಲಿ ಬೆಳೆದವರ ಮಾತು ರೆಕಾರ್ಡ್ ಮಾಡುತ್ತಿದೆ. ಹಿರಿಯರದ್ದಷ್ಟೇ ಸಾಲದು ಅನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ಊರಿನಲ್ಲಿ ಬ್ರಿಟಿಷರ ದಂಡು ಇದ್ದ ಕಾಲದಲ್ಲಿ ಸೈನಿಕರಿಗೆ ಬಟ್ಟೆ ಹೊಲಿದ ಕಸುಬೇ ಮುಂದೆ ಬಳ್ಳಾರಿ ಜೀನ್ಸ್ ಆಯಿತು ಎನ್ನುತ್ತಾರೆ. ಶಾಲೆಯಿಂದ ಬಂದು ಅಮ್ಮನ ಜೊತೆ ಕೂತು ಪ್ಯಾಂಟಿನ ದಾರ ಕತ್ತರಿಸಿದ ಹೆಣ್ಣುಮಕ್ಕಳ ಬಾಲ್ಯ ಎಲ್ಲಿ ಬರೆದಿದೆ? ಅದಿರಿನ ಲಾರಿಗಳು ಹಗಲೂ ರಾತ್ರಿ ಓಡಿದ ರಸ್ತೆಯ ಪಕ್ಕದ ಮನೆ, ಒಗೆದು ಹಾಕಿದ ಬಟ್ಟೆಯ ಮೇಲೆ ಕೆಂಪು ಧೂಳು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತ ಅಪ್ಪ. ಇದನ್ನು ಕಂಡ ಮಕ್ಕಳು ಈಗ ದುಡಿಯುವ ವಯಸ್ಸಿನವರು. ಅವರ ಮಾತೂ ನಮಗೆ ಬೇಕು.

ಖರ್ಚು ಜಾಸ್ತಿ ಬರುವುದು ಬರೆದಿಡುವ ಕೆಲಸಕ್ಕೆ. ನಮ್ಮೂರಿನವರ ಮಾತು ನಿಮಗೆ ಗೊತ್ತೇ ಇದೆ ಅಲ್ವಾ? ಕನ್ನಡದಲ್ಲಿ ಶುರುವಾಗಿ, ಅಜ್ಜಿಯ ಸುದ್ದಿ ಬಂದಾಗ ತೆಲುಗಿಗೆ ಹೊರಳಿ, ಪೇಟೆಯ ವ್ಯಾಪಾರ ಹೇಳುವಾಗ ಉರ್ದು ಬೆರೆಯುತ್ತದೆ. ಅದನ್ನು ತಿದ್ದಿ ಪುಸ್ತಕದ ಕನ್ನಡ ಮಾಡಲು ನಮಗೆ ಮನಸ್ಸಿಲ್ಲ. ಹೇಳಿದವರ ದನಿ ಹಾಗೇ ಇರಬೇಕು. ಒಂದು ಗಂಟೆಯ ಮಾತು ಬರೆದಿಳಿಸಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಮೂರು ಭಾಷೆ ಬೆರೆತರೆ ಇನ್ನೂ ಹೆಚ್ಚು. ಈ ಕೆಲಸ ಬಲ್ಲ ಯುವಕ ಯುವತಿಯರು ನಮ್ಮಲ್ಲೇ ಇದ್ದಾರೆ. ಅವರನ್ನು ಸುಮ್ನೆ ದುಡಿಸಿಕೊಳ್ಳುವುದು ನ್ಯಾಯವಲ್ಲ, ಕೂಲಿ ಕೊಡಲೇಬೇಕು. ಒಳ್ಳೆಯ ಮೈಕು, ಬೇರೆ ಬೇರೆ ಕಡೆ ಪ್ರತಿ ಇಡಲು ಹಾರ್ಡ್ ಡಿಸ್ಕ್ ಕೂಡ ಬೇಕು.

ಹೇಳಿದವರು ಬೇಡ ಅಂದ ಭಾಗ ಹೊರಗೆ ಬರುವುದಿಲ್ಲ. ರೆಕಾರ್ಡಿಂಗಿನ ಒಂದು ಪ್ರತಿ ಅವರ ಮನೆಯವರಿಗೇ ಸೇರುತ್ತದೆ.

ನೂರು ರೂಪಾಯಿ ಕೊಟ್ಟರೂ ಸಂತೋಷ, ಹೆಚ್ಚು ಕೊಟ್ಟರೆ ಇನ್ನಷ್ಟು ಮನೆಗಳಿಗೆ ಹೋಗುತ್ತೇವೆ. ಎಷ್ಟೇ ಕೊಟ್ಟರೂ ರಸೀದಿ ಕೊಡುತ್ತೇವೆ. ವರ್ಷದ ಲೆಕ್ಕವನ್ನು ದಾನಿಗಳೆಲ್ಲರಿಗೂ ಕಳಿಸುತ್ತೇವೆ. ಹಣ ಕೊಡಲು ಆಗದಿದ್ದರೆ ಬೇಸರ ಬೇಡ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಹಳೆಯ ಬಳ್ಳಾರಿ ಕಂಡ ಅಜ್ಜ, ಅಜ್ಜಿ ಇದ್ದರೆ ತಿಳಿಸಿ. ಅವರು ಎಲ್ಲಿಗೂ ಬರಬೇಕಿಲ್ಲ, ಅವರಿಗೆ ಅನುಕೂಲವಾದ ಹೊತ್ತಿಗೆ ನಾವೇ ಮನೆಗೆ ಬರುತ್ತೇವೆ.