ಊರ ಹೆಸರು ಪದವಾಗುವ ಬಗೆ: ಹೊಸ ಬರಹಗಾರ್ತಿಗೊಂದು ಪತ್ರ

ಪ್ರಿಯ ಗೆಳತಿ,

ಊರ ಹೆಸರುಗಳಿಂದ ಹುಟ್ಟಿದ ಇಂಗ್ಲಿಷ್ ಪದಗಳ ಮೇಲೆ ನೀವು ಬರೆದ ಕರಡು ತಲುಪಿತು. ಪಟ್ಟಿ ದೊಡ್ಡದಿದೆ, ಪ್ರತಿ ಪದಕ್ಕೂ ಒಂದೊಂದು ಸಾಲು. ಡೆನಿಮ್ ಅಂದರೆ ಫ್ರಾನ್ಸಿನ ನೀಮ್, ಜೀನ್ಸ್ ಅಂದರೆ ಇಟಲಿಯ ಜಿನೋವಾ, ಡಂಗರಿ ಅಂದರೆ ಮುಂಬಯಿಯ ಡೋಂಗ್ರಿ. ಇಷ್ಟನ್ನು ಯಾವ ಕ್ವಿಜ್ ಮಾಸ್ತರರೂ ಹೇಳುತ್ತಾರೆ. ಓದುಗರಿಗೆ ಬೇಕಾದದ್ದು ಇದರ ಮುಂದಿನ ಪ್ರಶ್ನೆ: ಆ ಊರೇ ಯಾಕೆ, ಪಕ್ಕದ್ದು ಯಾಕಲ್ಲ?

ಈ ಪ್ರಶ್ನೆ ಹಿಡಿದು ಹೊರಟರೆ ಮತ್ತೆ ಮತ್ತೆ ಒಂದೇ ಉತ್ತರ ಎದುರಾಗುತ್ತದೆ. ಪದದೊಳಗೆ ಕೂತಿರುವುದು ಎಷ್ಟೋ ಸಲ ಸರಕು ತಯಾರಾದ ಊರಲ್ಲ, ಕೊಂಡವರು ಅದನ್ನು ಕಂಡ ಊರು. ಪನಾಮಾ ಟೋಪಿ ನೋಡಿ. ಅದನ್ನು ಟೋಕಿಲ್ಲಾ ಎಂಬ ಗಿಡದ ನಾರಿನಿಂದ ಹೆಣೆಯುವವರು ಈಕ್ವೆಡಾರ್‌ನವರು. ಆ ಹೆಣಿಗೆಯನ್ನು ಯುನೆಸ್ಕೋ 2012ರಲ್ಲಿ ತನ್ನ ಪಾರಂಪರಿಕ ಕಲೆಗಳ ಪಟ್ಟಿಗೆ ಸೇರಿಸಿದ್ದೂ ಈಕ್ವೆಡಾರ್ ಹೆಸರಿನಲ್ಲೇ. ಆದರೆ 1849ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಚಿನ್ನಕ್ಕೆ ಮುಗಿಬಿದ್ದ ಜನ ದಾಟಿ ಹೋದದ್ದು ಪನಾಮಾವನ್ನು, ಟೋಪಿ ಕೊಂಡದ್ದೂ ಅಲ್ಲೇ. ಹೆಣೆದವರ ಹೆಸರು ಹೋಯಿತು, ಮಾರಿದ ಕಡೆಯ ಹೆಸರು ನಿಂತಿತು. ಮೋಕಾ ಕಾಫಿಯದ್ದೂ ಇದೇ ಕಥೆ. ಕಾಫಿ ಬೆಳೆದದ್ದು ಯೆಮನ್‌ನ ಒಳನಾಡಿನ ಬೆಟ್ಟಗಳಲ್ಲಿ, ಹಡಗೇರಿದ್ದು ಮೋಕಾ ಬಂದರಿನಲ್ಲಿ. ಬಾಬಾ ಬುಡನ್ ಏಳು ಬೀಜ ತಂದು ಚಂದ್ರದ್ರೋಣದಲ್ಲಿ ಬಿತ್ತಿದರೆಂಬ ನಮ್ಮ ಚಿಕ್ಕಮಗಳೂರಿನ ಐತಿಹ್ಯವೂ ಆ ಬಂದರನ್ನೇ ನೆನೆಯುತ್ತದೆ. ಅದನ್ನು ಬರೆಯಿರಿ, ಆದರೆ ಐತಿಹ್ಯವೆಂದೇ ಬರೆಯಿರಿ.

ಬಟ್ಟೆಗಳ ಹೆಸರಿನಲ್ಲಿ ಇನ್ನೊಂದು ತೊಡಕಿದೆ: ಹೆಸರು ಹಾಗೇ ಉಳಿದು ಒಳಗಿನ ವಸ್ತು ಬದಲಾಗಿರುತ್ತದೆ. ಮಸ್ಲಿನ್ ಇರಾಕಿನ ಮೋಸುಲ್‌ನಿಂದ ಬಂದ ಪದ. ಮಾರ್ಕೊ ಪೋಲೊ ಆ ಹೆಸರಿನಿಂದ ಕರೆದದ್ದು ರೇಷ್ಮೆ ಮತ್ತು ಚಿನ್ನದೆಳೆಯ ಬಟ್ಟೆಯನ್ನು; ಮುಂದೆ ಅದೇ ಹೆಸರು ಢಾಕಾದ ನವಿರಾದ ಹತ್ತಿಬಟ್ಟೆಯ ಮೇಲೆ ಕೂತಿತು. ಕ್ಯಾಲಿಕೊ ನಮ್ಮ ಪಕ್ಕದ ಕಲ್ಲಿಕೋಟೆಯದ್ದು. ಅದನ್ನು ಬರೆಯುವಾಗ ಬ್ರಿಟನ್ನಿನ ಕಾಯಿದೆಗಳನ್ನು ಬಿಡಬೇಡಿ. ಅಲ್ಲಿನ ಉಣ್ಣೆ, ರೇಷ್ಮೆ ನೇಯ್ಗೆಯವರ ಒತ್ತಾಯಕ್ಕೆ ಮಣಿದು 1700ರಲ್ಲಿ ಅಚ್ಚು ಹಾಕಿದ ಕ್ಯಾಲಿಕೊ ಆಮದಿಗೆ ತಡೆ ಬಿತ್ತು, 1721ರ ಕಾಯಿದೆ ಅಂಥ ಬಟ್ಟೆ ತೊಡುವುದನ್ನೇ ನಿಷೇಧಿಸಿತು, 1774ರಲ್ಲಿ ಆ ನಿಷೇಧ ಹೋಯಿತು. ಇವತ್ತು ಬ್ರಿಟನ್ನಿನಲ್ಲಿ ಕ್ಯಾಲಿಕೊ ಅಂದರೆ ಬಣ್ಣವಿಲ್ಲದ ಸಾದಾ ಹತ್ತಿಬಟ್ಟೆ. ಅಮೆರಿಕದಲ್ಲಿ ಹೂವಿನ ಅಚ್ಚಿನ ಬಟ್ಟೆ. ಅಮೆರಿಕನ್ನರು ಮೂರು ಬಣ್ಣದ ಬೆಕ್ಕನ್ನು ಕ್ಯಾಲಿಕೊ ಬೆಕ್ಕು ಅನ್ನುವುದು ಅದಕ್ಕೇ. ಕಲ್ಲಿಕೋಟೆ ಹೀಗೆ ಬೆಕ್ಕಿನ ಮೈಮೇಲೆ ಬಂದು ಕೂತದ್ದನ್ನು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ದಯವಿಟ್ಟು ಹಿಗ್ಗಿಸಿ.

ಬದಲಾವಣೆಯ ಹಂತಗಳನ್ನು ಓದುಗರ ಕಣ್ಣಿಗೆ ಕಾಣುವಂತೆ ಇಡಿ. ಮೊದಲು ಊರ ಹೆಸರು ವಿಶೇಷಣವಾಗಿ ವಸ್ತುವಿನ ಹೆಸರಿಗೆ ಅಂಟಿಕೊಳ್ಳುತ್ತದೆ. ಆಮೇಲೆ ವಸ್ತುವಿನ ಹೆಸರು ಉದುರುತ್ತದೆ. ಆಮೇಲೆ ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕದಾಗುತ್ತದೆ. ಕೊನೆಗೆ ಬಹುವಚನ, ಕ್ರಿಯಾಪದ, ಸಮಾಸ ಎಲ್ಲವೂ ಸಲೀಸಾಗಿ ಆಗುತ್ತವೆ. ಡಾಲರ್ ಇದಕ್ಕೆ ಒಳ್ಳೆಯ ಮಾದರಿ. 1520ರ ಸುಮಾರಿಗೆ ಬೊಹೀಮಿಯಾದ ಯೋಆಖಿಮ್ಸ್‌ಟಾಲ್ ಎಂಬ ಗಣಿಯೂರಿನ ಬೆಳ್ಳಿ ನಾಣ್ಯಕ್ಕೆ ಯೋಆಖಿಮ್ಸ್‌ಟಾಲರ್ ಎಂದು ಹೆಸರಾಯಿತು. ಬಾಯಿಗೆ ಉದ್ದವಾಯಿತು, ತಲೆ ಕತ್ತರಿಸಿ ಟಾಲರ್ ಅಂದರು. ಡಚ್ಚರ ಕಡೆ ಅದು ಡಾಲರ್‌ಗೆ ಹತ್ತಿರವಾಗಿ ಇಂಗ್ಲಿಷಿಗೆ ಸೇರಿತು. ಟಾಲ್ ಅಂದರೆ ಕಣಿವೆ. ಸಂತ ಯೋಆಖಿಮ್ ಹೋಗಿ ಕಣಿವೆಯಷ್ಟೇ ಉಳಿಯಿತು.

ಇನ್ನು ಕೋಚ್. ನಿಮ್ಮ ಕರಡಿನಲ್ಲಿ ಇದು ಇಲ್ಲ, ಸೇರಿಸಲೇಬೇಕು. ಹಂಗರಿಯ ವಾಯವ್ಯದಲ್ಲಿ, ವಿಯೆನ್ನಾ ಮತ್ತು ಬುಡಾ ನಡುವಿನ ಹೆದ್ದಾರಿಯ ಮೇಲೆ ಕೊಚ್ ಎಂಬ ಹಳ್ಳಿಯಿದೆ. 15ನೇ ಶತಮಾನದಲ್ಲಿ ಅಲ್ಲಿನ ಕುಶಲಕರ್ಮಿಗಳು ಮಾಡುತ್ತಿದ್ದ ಹಗುರವಾದ, ವೇಗದ ಕುದುರೆಗಾಡಿಗೆ ಹಂಗರಿಯವರು ‘ಕೊಚಿ ಸೆಕೇರ್’ ಅನ್ನುತ್ತಿದ್ದರು, ಕೊಚ್ ಊರಿನ ಗಾಡಿ ಅಂತ. ಸೆಕೇರ್ ಉದುರಿ ಕೊಚಿ ಉಳಿಯಿತು. ಗಾಡಿ ಹೋದ ಹಾದಿಯಲ್ಲೇ ಪದವೂ ಹೋಯಿತು: ಜರ್ಮನ್ನಿನಲ್ಲಿ ಕುಚೆ, ಫ್ರೆಂಚಿನಲ್ಲಿ ಕೋಶ್, 16ನೇ ಶತಮಾನದ ನಡುವೆ ಇಂಗ್ಲಿಷಿನಲ್ಲಿ ಕೋಚ್. ಮುಂದೆ ರೈಲು ಬಂತು, ಡಬ್ಬಿಯೂ ಕೋಚ್ ಆಯಿತು. ಈ ನಡುವೆ 1830ರ ಸುಮಾರಿಗೆ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು, ಪರೀಕ್ಷೆ ದಾಟಿಸುವ ಖಾಸಗಿ ಮೇಷ್ಟ್ರನ್ನು ಕೋಚ್ ಎಂದು ಕರೆಯತೊಡಗಿದರು. ತಮ್ಮನ್ನು ಹೊತ್ತು ಆಚೆ ಮುಟ್ಟಿಸುವ ಗಾಡಿ ಎಂಬ ಅರ್ಥದಲ್ಲಿ. ಆಟದ ತರಬೇತುದಾರ ಬಂದದ್ದು ಅದಾದ ಮೇಲೆ. ಬೆಂಗಳೂರಿನ ವಿಜಯನಗರದ ಕೋಚಿಂಗ್ ಸೆಂಟರ್‌ಗಳ ಬೋರ್ಡುಗಳಲ್ಲಿ ಇರುವುದು ಆ ಹಂಗರಿಯ ಹಳ್ಳಿಯೇ. ಈ ಸರಪಳಿಯಲ್ಲಿ ಒಂದು ಕೊಂಡಿಯನ್ನೂ ಹಾರಿಸಬೇಡಿ. ಹಳ್ಳಿಯಿಂದ ನೇರ ಕೋಚಿಂಗ್ ಸೆಂಟರಿಗೆ ಜಿಗಿದರೆ ಓದುಗರು ನಂಬುವುದಿಲ್ಲ, ನಂಬಬಾರದು ಕೂಡ.

ಎಡವುವುದು ಎಲ್ಲಿ ಅಂತ ಹೇಳುತ್ತೇನೆ. ಕಥೆ ಸೊಗಸಾಗಿದ್ದಷ್ಟೂ ಅನುಮಾನ ಜಾಸ್ತಿ ಇರಲಿ. ಮ್ಯಾರಥಾನ್ ಬಗ್ಗೆ ನೀವು ಬರೆದದ್ದು ಎಲ್ಲರೂ ಬರೆಯುವುದನ್ನೇ: ಕ್ರಿ.ಪೂ. 490ರಲ್ಲಿ ಗ್ರೀಸಿನ ಮ್ಯಾರಥಾನ್ ಎಂಬಲ್ಲಿ ಯುದ್ಧ ಗೆದ್ದ ಸುದ್ದಿ ಹೊತ್ತು ಫಿಡಿಪಿಡೀಸ್ ಅಥೆನ್ಸಿಗೆ ಓಡಿ ಪ್ರಾಣಬಿಟ್ಟ. ಯುದ್ಧಕ್ಕೆ ಅತಿ ಸಮೀಪದ ಇತಿಹಾಸಕಾರ ಹೆರೊಡೋಟಸ್ ಹೇಳುವುದು ಬೇರೆ. ಅವನ ಪ್ರಕಾರ ಆ ಓಟಗಾರ ಯುದ್ಧಕ್ಕೆ ಮುಂಚೆ ಸಹಾಯ ಕೇಳಲು ಸ್ಪಾರ್ಟಾಕ್ಕೆ ಓಡಿದ. ಸುದ್ದಿ ಮುಟ್ಟಿಸಿ ಸತ್ತ ಕಥೆ ಕಾಣಿಸುವುದು ನೂರಾರು ವರ್ಷ ಕಳೆದ ಮೇಲಿನ ಬರಹಗಳಲ್ಲಿ. 1896ರ ಅಥೆನ್ಸ್ ಒಲಿಂಪಿಕ್ಸಿನ ಓಟ ಸುಮಾರು 40 ಕಿ.ಮೀ. ಇತ್ತು, ಇಂದಿನ 42.195 ಕಿ.ಮೀ. ಲಂಡನ್ನಿನ 1908ರ ಓಟದ್ದು, ನಿಯಮವಾಗಿ ಗಟ್ಟಿಯಾದದ್ದು 1921ರಲ್ಲಿ. ಡೆನಿಮ್ ಕೂಡ ಅಷ್ಟು ಸಲೀಸಲ್ಲ. ನೀಮ್‌ನ ಸರ್ಜ್ ಎಂಬ ಬಟ್ಟೆ ಉಣ್ಣೆ, ರೇಷ್ಮೆಯದ್ದು, ಡೆನಿಮ್ ಹತ್ತಿಯದ್ದು. ಈ ಅಂತರವನ್ನು ಮುಚ್ಚಿಡದೆ ಬರೆಯಿರಿ.

ಪರೀಕ್ಷಿಸುವ ಕ್ರಮ ಸರಳ. ದೊಡ್ಡ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಪ್ರತಿ ಅರ್ಥದ ಕೆಳಗೂ ಇಸವಿ ಸಮೇತ ಉದಾಹರಣೆಗಳಿರುತ್ತವೆ. ಮೊದಲ ಇಸವಿ ಗುರುತು ಹಾಕಿ. ನೀವು ಹೇಳುವ ಘಟನೆ ಅದಕ್ಕಿಂತ ಈಚಿನದಾದರೆ ಕಥೆ ಅಲ್ಲೇ ಬಿತ್ತು. ಭಾರತದ ಪದಗಳಿಗೆ 1886ರ ಹಾಬ್ಸನ್-ಜಾಬ್ಸನ್ ಎಂಬ ನಿಘಂಟು ಕೈಯಲ್ಲಿರಲಿ; ಅದರ ಇಬ್ಬರು ಸಂಪಾದಕರಲ್ಲಿ ಒಬ್ಬನಾದ ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದವನು. ಅದರ ವ್ಯುತ್ಪತ್ತಿಗಳು ಕೆಲವು ಹಳಸಿವೆ, ಅದು ಎತ್ತಿ ಕೊಡುವ ಹಳೆಯ ಉಲ್ಲೇಖಗಳು ಇಂದಿಗೂ ಚಿನ್ನ.

ನಮ್ಮ ಬೆಂಗಳೂರನ್ನು ಬಿಟ್ಟಿದ್ದೀರಲ್ಲ, ಅದೊಂದೇ ನನಗೆ ಬೇಸರ. 1912ರಲ್ಲಿ ಇಲ್ಲಿನ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿದ್ದ ಕ್ಯಾಪ್ಟನ್ ಮೆಕ್ಲಿಂಟಾಕ್ ರೂಪಿಸಿದ ಬ್ಯಾಂಗಲೋರ್ ಟಾರ್ಪೆಡೊ, ಸ್ಫೋಟಕ ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ಮುಳ್ಳುತಂತಿಯ ಕೆಳಗೆ ತೂರಿಸುವ ಆಯುಧ. 1944ರ ಜೂನ್ 6ರಂದು ನಾರ್ಮಂಡಿಯ ತೀರದಲ್ಲಿ ತಂತಿಬೇಲಿ ಸೀಳಿದ್ದು ಇದೇ. ಸೈನಿಕರು ಟಾರ್ಪೆಡೊ ಎಂಬುದನ್ನೂ ಬಿಟ್ಟು ಬರೀ ‘ಬ್ಯಾಂಗಲೋರ್’ ಅನ್ನುವುದುಂಟು. ಮೇಲೆ ಹೇಳಿದ ಎರಡನೇ ಹಂತ. 2000ರ ದಶಕದಲ್ಲಿ ಅಮೆರಿಕದಲ್ಲಿ, ಕೆಲಸ ಭಾರತಕ್ಕೆ ಹೋಗಿ ನೌಕರಿ ಕಳೆದುಕೊಂಡವರು ‘ಬ್ಯಾಂಗಲೋರ್ಡ್’ ಆದೆವು ಅಂದರು. ಆ ಕ್ರಿಯಾಪದ ಹೆಚ್ಚು ದಿನ ಬಾಳಲಿಲ್ಲ. 2014ರ ನವೆಂಬರ್ 1ರಿಂದ ಊರಿನ ಅಧಿಕೃತ ಇಂಗ್ಲಿಷ್ ಹೆಸರು ಬದಲಾಯಿತು, ಟಾರ್ಪೆಡೊದ್ದು ಬದಲಾಗಲಿಲ್ಲ. ಆಯುಧ ಯಾಕೆ ಉಳಿಯಿತು, ಕ್ರಿಯಾಪದ ಯಾಕೆ ಸತ್ತಿತು ಎಂಬುದರ ಮೇಲೆ ಎರಡು ಪುಟ ಬರೆದು ನೋಡಿ.

ಮೂವತ್ತು ಪದಗಳಲ್ಲಿ ಆರನ್ನು ಮಾತ್ರ ಇಟ್ಟುಕೊಳ್ಳಿ. ಕೋಚ್ ಅಧ್ಯಾಯ ಮೊದಲು ಕಳಿಸಿ, ಇಸವಿಗಳನ್ನು ಅಂಚಿನಲ್ಲಿ ಬರೆದಿರಲಿ.

ವಿಶ್ವಾಸದಿಂದ,
ನಿಮ್ಮ ಹಿತೈಷಿ